ಗಿಳಿ ಬರುವ ಮುಂಚೆ ರಿಬ್ಬನ್ ಕಟ್ಟಿ, ಮೊಟ್ಟೆ ಸಿಂಪಡಿಸಿ

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಚರಗದ ಎಡೆ ಚೆಲ್ಲಲು ಹೋದಾಗ ಜೋಳದ ತೆನೆಯಿಂದ ಒಂದು ಕಾಳು ತೆಗೆದು ಉಗುರಲ್ಲಿ ಚಿವುಟಿ ನೋಡಿ. ಬಿಳಿ ಹಾಲು ಬಂತಾ? ಹಾಗಾದರೆ ಕೆಲಸ ಅವತ್ತೇ ಶುರು. ಹಕ್ಕಿ ಓಡಿಸುವುದರಲ್ಲಿ ಏನು ಕಟ್ಟುತ್ತೀರಿ ಅನ್ನುವುದಕ್ಕಿಂತ ಯಾವಾಗ ಕಟ್ಟುತ್ತೀರಿ ಅನ್ನುವುದೇ ದೊಡ್ಡದು. ಒಮ್ಮೆ ರುಚಿ ನೋಡಿದ ಗುಂಪನ್ನು ಹೊಲ ಬಿಡಿಸುವುದು ಬಹಳ ಕಷ್ಟ. ತಿಂಗಳು ಮುಂಚೆ ಕಟ್ಟಿದರೂ ಸುಮ್ನೆ ದಂಡ, ಅಷ್ಟರಲ್ಲಿ ಅವಕ್ಕೆ ಅಭ್ಯಾಸವಾಗಿಬಿಡುತ್ತದೆ.

ಗುಬ್ಬಿ, ಗೀಜಗ ಒಂದೊಂದೇ ಕಾಳು ಹೆಕ್ಕುತ್ತವೆ. ಗಿಳಿಯದು ದರ್ಬಾರು. ತೆನೆಯ ಒಂದು ಎಸಳನ್ನೇ ಕತ್ತರಿಸಿ, ಒಂದು ಕಾಲಲ್ಲಿ ಹಿಡಿದು, ನಾಲ್ಕು ಕಾಳು ತಿಂದು, ಉಳಿದದ್ದನ್ನು ನೆಲಕ್ಕೆ ಬಿಟ್ಟು ಪಕ್ಕದ ತೆನೆಗೆ ಹಾರುತ್ತದೆ. ತಿಂದದ್ದಕ್ಕಿಂತ ಕೆಡಿಸಿದ್ದೇ ಜಾಸ್ತಿ. ಹಾಗಂತ ವಿಷ, ಉರುಲು ಬೇಡವೇ ಬೇಡ. ಗಿಳಿ, ನವಿಲು ಎರಡಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ.

ಮೊದಲೆಲ್ಲ ಅಟ್ಟಣಿಗೆ ಮೇಲೆ ಒಬ್ಬರು ಕವಣೆ ಹಿಡಿದು ಕೂರುತ್ತಿದ್ದರು. ಈಗ ಅಷ್ಟು ಆಳು ಎಲ್ಲಿ ಸಿಗುತ್ತಾರೆ? ನಾನೊಮ್ಮೆ ಹಳೇ ಅಂಗಿ ತೊಡಿಸಿ ಬೆದರುಬೊಂಬೆ ನಿಲ್ಲಿಸಿದೆ. ಮೂರನೇ ದಿನ ಅದರ ತಲೆ ಮೇಲೆ ಕಾಜಾಣ ಕೂತಿತ್ತು. ಹುಳ ತಿನ್ನುವ ಹಕ್ಕಿ, ಕೂರಲಿ ಅಂದುಕೊಂಡೆ. ನಾಲ್ಕನೇ ದಿನ ಅದೇ ಜಾಗದಲ್ಲಿ ಗಿಳಿ! ಅಲುಗಾಡದ ವಸ್ತುವಿಗೆ ಹಕ್ಕಿ ಹೆಚ್ಚು ದಿನ ಹೆದರುವುದಿಲ್ಲ.

ಅದಕ್ಕೇ ಹೊಳೆಯುವ ರಿಬ್ಬನ್. ಒಂದು ಬದಿ ಕೆಂಪು, ಇನ್ನೊಂದು ಬದಿ ಬೆಳ್ಳಿ ಬಣ್ಣ ಇರುವಂಥದ್ದನ್ನು ತನ್ನಿ. ಹೊಲದಲ್ಲಿ ಎರಡು ಕಡೆ ಗೂಟ ನೆಟ್ಟು, ತೆನೆಗಿಂತ ಸುಮಾರು ಅರ್ಧ ಮೀಟರ್ ಮೇಲೆ ಬರುವಂತೆ ಕಟ್ಟಿ. ಸಾಲು ಉತ್ತರ–ದಕ್ಷಿಣವಾಗಿರಲಿ. ಹಕ್ಕಿಗಳು ಮೇಯುವುದು ಹೆಚ್ಚಾಗಿ ಬೆಳಗ್ಗೆ ಮತ್ತು ಸಂಜೆ, ಸೂರ್ಯ ಕೆಳಗಿರುವಾಗ. ಪೂರ್ವದಿಂದಲೋ ಪಶ್ಚಿಮದಿಂದಲೋ ಬರುವ ಆ ಬಿಸಿಲು ಪಟ್ಟಿಯ ಮುಖಕ್ಕೆ ಹೊಡೆದು ಮಿಂಚುತ್ತದೆ. ಸಾಲಿನಿಂದ ಸಾಲಿಗೆ ಐದು ಮೀಟರ್ ಬಿಟ್ಟರೆ ಸಾಕು.

ಕಟ್ಟುವ ಮುಂಚೆ ರಿಬ್ಬನ್ ಅನ್ನು ಎರಡು ಮೂರು ಸುತ್ತು ತಿರುಚಿ. ಈ ಸಣ್ಣ ಕೆಲಸವನ್ನು ಬಹಳ ಜನ ಬಿಡುತ್ತಾರೆ. ತಿರುಚಿದ್ದರೆ ಗಾಳಿಗೆ ಕೆಂಪು, ಬೆಳ್ಳಿ ಎರಡೂ ಹೊರಳಿ ಹೊರಳಿ ಕಾಣುತ್ತವೆ, ಗುಂಯ್ ಅಂತ ಸದ್ದೂ ಬರುತ್ತದೆ. ತೀರಾ ಬಿಗಿ ಮಾಡಿದರೆ ಹರಿಯುತ್ತದೆ. ಸಡಿಲ ಬಿಟ್ಟರೆ ತೆನೆಗೆ ಸುತ್ತಿಕೊಳ್ಳುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ಒಂದೆರಡು ಸಾಲಿನ ಜಾಗ ಬದಲಿಸಿ. ಗಾಳಿ ಇಲ್ಲದ ಮಂಜಿನ ಬೆಳಗ್ಗೆ ರಿಬ್ಬನ್ ನಂಬಬೇಡಿ. ಅವತ್ತು ಡಬ್ಬ ಹಿಡಿದು ನೀವೇ ಹೋಗಬೇಕು.

ಇದರ ಜೊತೆಗೆ ಮೊಟ್ಟೆ ದ್ರಾವಣ. ಒಂದು ಲೀಟರ್ ನೀರಿಗೆ 20 ಮಿಲಿ ಮೊಟ್ಟೆಯ ಲೋಳೆ, ಹಳದಿ ಬಿಳಿ ಎರಡೂ ಸೇರಿಸಿ. 16 ಲೀಟರ್ ಕ್ಯಾನಿಗೆ ಏಳು ಮೊಟ್ಟೆ ಬೇಕಾಗಬಹುದು. ಚೆನ್ನಾಗಿ ಕಡೆದು, ತೆಳ್ಳನೆ ಬಟ್ಟೆಯಲ್ಲಿ ಸೋಸಿ. ಸೋಸದಿದ್ದರೆ ನಾಜಲ್ ಕಟ್ಟಿಕೊಂಡು ಅರ್ಧ ದಿನ ಹಾಳು. ತೆನೆ ಹಾಲ್ದುಂಬುವಾಗ ಸಂಜೆ ಹೊತ್ತು ತೆನೆಗೆ ಮಾತ್ರ ಬೀಳುವಂತೆ ಸಿಂಪಡಿಸಿ. ಆ ವಾಸನೆ, ರುಚಿ ಹಕ್ಕಿಗಳಿಗೆ ಹಿಡಿಸುವುದಿಲ್ಲ. ವಾರದ ಮೇಲೆ, ಅಥವಾ ಮಳೆ ಬಿದ್ದರೆ, ಇನ್ನೊಮ್ಮೆ ಹೊಡೆಯಿರಿ. ಕ್ಯಾನನ್ನು ಅವತ್ತೇ ತೊಳೆಯಿರಿ, ಇಲ್ಲದಿದ್ದರೆ ಮನೆಯವರು ಬೈಯುವುದು ಗ್ಯಾರಂಟಿ. ಸೀತನಿ, ಅಂದರೆ ಸುಟ್ಟ ಎಳೆ ಜೋಳದ ಕಾಳು, ತಿನ್ನುವ ಆಸೆ ಇದ್ದರೆ ಬದುವಿನ ಪಕ್ಕ ನಾಲ್ಕು ಸಾಲು ಸಿಂಪಡಿಸದೆ ಬಿಟ್ಟುಕೊಳ್ಳಿ. ಆ ಸಾಲಿನಲ್ಲಿ ಗಿಳಿಗೂ ಪಾಲು ಹೋಗುತ್ತದೆ, ಏನು ಮಾಡೋದು!

ಸೂರ್ಯಕಾಂತಿಗೂ ಇದೇ ರಿಬ್ಬನ್, ಇದೇ ದ್ರಾವಣ ನಡೆಯುತ್ತದೆ. ಮೆಕ್ಕೆಜೋಳಕ್ಕೆ ಇನ್ನೂ ಸುಲಭದ ದಾರಿ ಇದೆ, ಖರ್ಚೇ ಇಲ್ಲ. ಹಕ್ಕಿ ಮೊದಲು ಇಳಿಯುವುದು ಹೊಲದ ಅಂಚಿಗೆ. ಸುತ್ತಲಿನ ಮೂರು ನಾಲ್ಕು ಸಾಲಿನಲ್ಲಿ ಅದೇ ಗಿಡದ ಹಸಿ ಎಲೆ ಬಗ್ಗಿಸಿ ತೆನೆಗೆ ಸುತ್ತಿಬಿಡಿ. ತೆನೆ ಕಾಣದಿದ್ದರೆ ಹಕ್ಕಿ ಮುಂದೆ ಹೋಗುತ್ತದೆ.

ಕೊಯ್ಲಿಗೆ ಮುಂಚೆ ರಿಬ್ಬನ್ ಎಲ್ಲವನ್ನೂ ಬಿಚ್ಚಿ ಕೋಲಿಗೆ ಸುತ್ತಿಡಿ. ಹರಿದ ಚೂರುಗಳನ್ನೂ ಹುಡುಕಿ ಆರಿಸಿ. ಇಲ್ಲದಿದ್ದರೆ ಕಣಿಕೆಯ (ಒಣಗಿದ ಜೋಳದ ದಂಟಿನ ಮೇವು) ಜೊತೆ ಅವು ಎತ್ತಿನ ಹೊಟ್ಟೆ ಸೇರುತ್ತವೆ.