ಹಗೆ ತೆಗೆದು ಜೋಳ ಹಂಚಿದರು

ವಿಜಯಪುರದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ ಮೂರನೆಯ ವರ್ಷ, ಹಳ್ಳಿಯ ಹಿರಿಯರೊಬ್ಬರು ಬರೆದ ನೆನಪುಗಳ ಪುಸ್ತಕ ನನ್ನ ಕೈಗೆ ಬಂತು. 1972ರ ಬರವನ್ನು ಹೇಳುವ ಅಧ್ಯಾಯದಲ್ಲಿ ಅವರು, ‘ಆ ವರ್ಷ ನಮ್ಮ ತಂದೆಯವರು ಹಗೆ ತೆಗೆದು ಓಣಿಗೆಲ್ಲ ಜೋಳ ಹಂಚಿದರು’ ಎಂದು ಬರೆದಿದ್ದರು. ಹಗೆ ಎಂದರೆ ವೈರ ಎಂಬ ಒಂದೇ ಅರ್ಥ ನನಗೆ ಗೊತ್ತಿತ್ತು. ‘ತೆಗೆದು’ ಎಂಬುದು ಕೈತಪ್ಪಿನಿಂದ ಬಿದ್ದ ಮಾತೆಂದು ತಿಳಿದು, ಅವರನ್ನು ಒಂದು ಮಾತು ಕೇಳದೆ, ಅದನ್ನು ‘ಹಗೆ ಮರೆತು’ ಎಂದು ತಿದ್ದಿದೆ. ಪುಸ್ತಕ ಹಾಗೆಯೇ ಅಚ್ಚಾಯಿತು. ಪ್ರತಿಗಳನ್ನು ಒಯ್ಯಲು ಬಂದ ದಿನ ಅವರು ಆ ಪುಟದ ಮೇಲೆ ಬೆರಳಿಟ್ಟು, ‘ತಮ್ಮಾ, ನಮ್ಮಪ್ಪಗ ಯಾರ ಮ್ಯಾಲೂ ಹಗೆತನ ಇರಲಿಲ್ಲೋ. ಅಂವ ಹಗೆ ತೆಗದಿದ್ದ. ನೀ ಅದನ್ನ ಮುಚ್ಚಿಬಿಟ್ಟಿ’ ಎಂದರು.

ಆ ಸಂಜೆ ಅವ್ವನ ಮುಂದೆ ಇದನ್ನು ಹೇಳಿದಾಗ ಅವಳು ಹಗೆಯನ್ನು ಕಣ್ಣಿಗೆ ಕಟ್ಟುವಂತೆ ವಿವರಿಸಿದಳು. ಬಾಯಿ ಸಣ್ಣದಾಗಿ, ಹೊಟ್ಟೆ ಅಗಲವಾಗಿ ನೆಲದಲ್ಲಿ ತೋಡಿದ ಕಾಳಿನ ಗುಂಡಿ ಅದು. ಒಳಗೆ ಸುತ್ತಲೂ ಒಣಹುಲ್ಲು ಹಾಕಿ, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮೇಲೆ ಮಣ್ಣು ಎಳೆಯುತ್ತಿದ್ದರು. ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾದು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಎನ್ನುವ, ಡೋಣಿ ನದಿಯ ದಂಡೆಯ ಎರೆ ನೆಲದಲ್ಲಿ ಹುಟ್ಟಿದವಳ ಮಗನಾಗಿಯೂ ನಾನು ಆ ಜೋಳವನ್ನು ಇಡುವ ಜಾಗದ ಹೆಸರನ್ನು ಕೇಳಿಸಿಕೊಂಡಿರಲಿಲ್ಲವೆಂಬುದು ಬಹಳ ದಿನ ನೋಯಿಸಿತು.

ಮರುದಿನವೇ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆ. ಮೊದಲು ಶಾಲೆಯಲ್ಲಿ ಕಲಿತಂತೆ ಎಡಕ್ಕೆ ಪದ, ಬಲಕ್ಕೆ ಅರ್ಥ ಬರೆಯುತ್ತಿದ್ದೆ. ಆರು ತಿಂಗಳ ನಂತರ ತಿರುವಿ ನೋಡಿದರೆ ‘ಕಣಕಿ: ಜೋಳದ ದಂಟು’ ಎಂಬಂಥ ಸಾಲುಗಳಲ್ಲಿ ಜೀವವೇ ಇರಲಿಲ್ಲ. ಆಗಿನಿಂದ ಪದವನ್ನು ಒಂಟಿಯಾಗಿ ಬರೆಯುವುದನ್ನು ಬಿಟ್ಟೆ. ‘ಕಣಕಿ ತೊಯ್ದಾವು, ಬಣವಿ ಇವತ್ತ ಒಟ್ಟಬ್ಯಾಡ್ರಿ’ ಎಂದು ಆಡಿದವರ ಬಾಯಿಂದ ಬಂದ ಇಡೀ ಮಾತು, ಆಡಿದವರು ಯಾರು, ಆಗ ಯಾವ ಕೆಲಸ ನಡೆದಿತ್ತು, ಇಷ್ಟನ್ನೂ ಬರೆಯತೊಡಗಿದೆ. ಇನ್ನೊಂದು ಪಾಠ ನಮ್ಮ ಕಾಕಾನಿಂದ ಬಂತು. ಅಕ್ಕಡಿ ಎಂದರೇನೆಂದು ಕೇಳಿದಾಗ ಅವರು, ಓದಿದವನಿಗೆ ಓದಿದವರ ಮಾತೇ ಬೇಕೆಂದುಕೊಂಡು, ‘ಮಿಶ್ರಬೆಳೆ’ ಎಂದು ಮುಗಿಸಿಬಿಟ್ಟರು. ಕೆಲವು ದಿನ ಬಿಟ್ಟು, ‘ಕಾಕಾ, ಈ ಸಲ ಅಕ್ಕಡಿ ಏನ್ ಹಾಕೀರಿ?’ ಎಂದು ಕೇಳಿದೆ. ಜೋಳದ ಎಷ್ಟು ಸಾಲಿಗೆ ಕಡಲೆಯ ಎಷ್ಟು ಸಾಲು, ಹೊಲದ ಅಂಚಿಗೆ ಮುಳ್ಳಿನ ಕುಸುಬಿ ಹಾಕಿದರೆ ದನ ಒಳಗೆ ನುಗ್ಗಲು ಹೇಗೆ ಹಿಂಜರಿಯುತ್ತದೆ, ಕೂರಿಗೆಯ ಬಟ್ಟಲಿಗೆ ಬೀಜ ಬಿಡುವ ಹೆಣ್ಣುಮಗಳ ಕೈ ಯಾಕೆ ಒಂದೇ ಸಮನಾಗಿ ನಡೆಯಬೇಕು ಎಂದು ಅವರು ಅರ್ಧ ತಾಸು ಹೇಳಿದರು. ನನ್ನ ನೋಟ್‌ಬುಕ್ಕಿನಲ್ಲಿ ಅದು ನಾಲ್ಕು ಪುಟವಾಯಿತು. ಅರ್ಥವನ್ನು ಕೇಳಬಾರದು, ಕೆಲಸವನ್ನು ಕೇಳಬೇಕು ಎಂಬುದನ್ನು ನಾನು ಇಂದಿಗೂ ಪಾಲಿಸುತ್ತೇನೆ.

ರವಿವಾರ ಗ್ರಂಥಾಲಯದಲ್ಲಿ ಕುಳಿತು ವಾರದ ಪದಗಳನ್ನು ನಿಘಂಟಿನಲ್ಲಿ ಹುಡುಕುವುದು ನನ್ನ ಅತ್ಯಂತ ದೊಡ್ಡ ಸುಖ. ಫರ್ಡಿನೆಂಡ್ ಕಿಟ್ಟೆಲ್ ಅವರ, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನವರು ಪ್ರಕಟಿಸಿದ, ಸುಮಾರು 70,000 ಪದಗಳ ನಿಘಂಟನ್ನು ನಾನು ಕಥೆಯ ಪುಸ್ತಕದಂತೆ ಓದುತ್ತೇನೆ, ಏಕೆಂದರೆ ಅವರು ಎಷ್ಟೋ ಪದಗಳ ಜೊತೆಗೆ ಗಾದೆಯನ್ನೂ ಕೊಟ್ಟಿದ್ದಾರೆ. ಕೆಲವು ಪದಗಳ ಮುಂದೆ ‘ದಕ್ಷಿಣ ಮರಾಠಾ ಸೀಮೆ’ ಎಂಬುದರ ಇಂಗ್ಲಿಷ್ ಹ್ರಸ್ವರೂಪ ಕಾಣುತ್ತದೆ. ಬ್ರಿಟಿಷರ ಕಾಲದಲ್ಲಿ ನಮ್ಮ ಈ ಭಾಗಕ್ಕೆ ಇದ್ದ ಹೆಸರು ಅದು. ಆ ಗುರುತು ಕಂಡಾಗಲೆಲ್ಲ ನಮ್ಮ ಅಡುಗೆಮನೆಯಲ್ಲೋ ಕಣದಲ್ಲೋ ಯಾರೋ ಆಡಿದ ಮಾತನ್ನು ಕೇಳಿದಷ್ಟು ಸಂತೋಷವಾಗುತ್ತದೆ. ಹಗೆ ಎಂಬುದಕ್ಕೆ ನೆಲದ ಕಣಜ ಎಂಬ ಅರ್ಥವೂ ನಿಘಂಟಿನಲ್ಲಿತ್ತು. ನಾನು ತೆರೆದು ನೋಡಿರಲಿಲ್ಲ, ಅಷ್ಟೇ.

ಕರಡು ತಿದ್ದುವವನು ತನಗೆ ತಿಳಿಯದ ಪದದ ಎದುರು ಹೇಗೆ ನಿಲ್ಲಬೇಕೆಂಬುದಕ್ಕೆ ನನಗೆ ಇದೇ ಊರಿನಲ್ಲಿ ದೊಡ್ಡ ಆದರ್ಶವಿದೆ. ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ವಚನಗಳ ತಾಳೆಗರಿಗಳಿಗಾಗಿ ಮನೆಮನೆ ತಿರುಗಿದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಕಟ್ಟಿ ಅವುಗಳನ್ನು ಅಚ್ಚಿಗೆ ತಂದರು. ಗರಿಯಲ್ಲಿದ್ದ ಮಾತು ತಮಗೆ ಅಪರಿಚಿತವೆಂದು ಸುಲಭವಾದ ಮಾತನ್ನು ಹಾಕುತ್ತ ಹೋಗಿದ್ದರೆ ನಮಗೆ ಏನು ಉಳಿಯುತ್ತಿತ್ತು ಎಂದು ಯೋಚಿಸಿದರೆ ನನ್ನ ಪೆನ್ಸಿಲ್ ತಾನಾಗಿ ನಿಲ್ಲುತ್ತದೆ. ಇದೇ ಜಿಲ್ಲೆಯ ಹಲಸಂಗಿಯ ಗೆಳೆಯರು ಬೀಸುವ ಕಲ್ಲಿನ ಮುಂದಿನ ಹೆಣ್ಣುಮಕ್ಕಳ ಹಾಡುಗಳನ್ನು 1931ರಲ್ಲಿ ಪುಸ್ತಕವಾಗಿಸಿದಾಗಲೂ ಬಾಯಿಮಾತಿನ ಮೇಲೆ ಇಟ್ಟಿದ್ದು ಇದೇ ವಿಶ್ವಾಸ.

ಈಗ ನನ್ನ ಕ್ರಮ ಬೇರೆಯಾಗಿದೆ. ಮೊದಲ ಓದಿನಲ್ಲಿ ಒತ್ತು, ದೀರ್ಘ, ಅಲ್ಪಪ್ರಾಣ, ಮಹಾಪ್ರಾಣಗಳನ್ನು ಮಾತ್ರ ನೋಡುತ್ತೇನೆ. ಎರಡನೆಯದನ್ನು ದನಿ ತೆಗೆದು ಓದುತ್ತೇನೆ. ತೊಡಕೆನಿಸಿದ ಪದವನ್ನು ತಿದ್ದದೆ, ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆದು ಲೇಖಕರಿಗೆ ಫೋನ್ ಮಾಡುತ್ತೇನೆ. ಇದರಿಂದ ಕೆಲಸ ಒಂದೆರಡು ದಿನ ತಡವಾಗುತ್ತದೆ, ಆಗಲಿ.

ಆ ಹಿರಿಯರ ಪುಸ್ತಕ ಎರಡನೆಯ ಸಲ ಅಚ್ಚಿಗೆ ಬಂದಾಗ ಕರಡನ್ನು ಅವರ ಮನೆಗೇ ಒಯ್ದೆ. ಅವರ ಕಣ್ಣು ಮಂಜಾಗಿದ್ದುದರಿಂದ ನಾನೇ ಓದಿದೆ. ‘ಹಗೆ ತೆಗೆದು’ ಎಂಬಲ್ಲಿಗೆ ಬಂದಾಗ ಅವರು ಕೈ ಎತ್ತಿ ನಿಲ್ಲಿಸಿ, ಆ ದಿನ ಹಗೆಯ ಬಾಯಿಯಿಂದ ಬಂದ ಹಳೆಯ ಜೋಳದ ವಾಸನೆಯನ್ನೂ, ಅದರ ಹಿಟ್ಟಿನ ರೊಟ್ಟಿಯಲ್ಲಿ ಅದೇ ವಾಸನೆ ಉಳಿದಿದ್ದರೂ ಓಣಿಯ ಮಕ್ಕಳು ಸಾಲಾಗಿ ಕುಳಿತು ತಿಂದುದನ್ನೂ ಹೇಳಿದರು. ಮೊದಲ ಮುದ್ರಣದಲ್ಲಿ ಅದು ಇರಲಿಲ್ಲ. ಅವರನ್ನು ಕೇಳಿ, ಆ ಮೂರು ಸಾಲುಗಳನ್ನು ಕರಡಿನ ಅಂಚಿನಲ್ಲಿ ಅವರ ಮಾತಿನಲ್ಲೇ ಬರೆದುಕೊಂಡೆ.