1910ರ ರಗ್ಬಿ ಋತುವನ್ನು ಲೆಕ್ಕದ ಪುಸ್ತಕಕ್ಕೆ ಏರಿಸುವ ಬಗೆ

ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವಳಿಗೆ ರಗ್ಬಿಯ ಉಸಾಬರಿ ಏಕೆ ಎಂದು ಕೇಳಬಹುದು. ನನ್ನ ತಂಗಿಯ ಮಗಳು ವೇಲ್ಸಿನ ಕಾರ್ಡಿಫಿನಲ್ಲಿ ನರ್ಸ್. ಕಳೆದ ಆಟಿ ತಿಂಗಳಲ್ಲಿ ರಜೆಗೆಂದು ಉಡುಪಿಗೆ ಬಂದಿದ್ದಳು. ಹೊರಗೆ ಬಿಡದೆ ಮಳೆ, ಒಳಗೆ ಪತ್ರೊಡೆ ಬೇಯುತ್ತಿತ್ತು. ಮೊಬೈಲಿನಲ್ಲಿ ಒಂದು ಹಳೆಯ ಅಂಕಪಟ್ಟಿ ತೆಗೆದು ನನ್ನ ಮುಂದೆ ಹಿಡಿದಳು. 1910ರ ಐದು ರಾಷ್ಟ್ರಗಳ ರಗ್ಬಿ.

"ದೊಡ್ಡಮ್ಮ, ನಮ್ಮ ವೇಲ್ಸ್ ಒಟ್ಟು 88 ಅಂಕ ಗಳಿಸಿದೆ, ಇಂಗ್ಲೆಂಡ್ ಬರೀ 36. ಆದರೂ ಗೆದ್ದದ್ದು ಇಂಗ್ಲೆಂಡ್. ಇದು ಯಾವ ನ್ಯಾಯ?"

ನಾಲ್ಕು ವರ್ಷದಲ್ಲಿ ವೇಲ್ಸ್ ಅವಳಿಗೆ 'ನಮ್ಮ'ದಾಗಿತ್ತು. ನ್ಯಾಯ ನನಗೆ ಗೊತ್ತಿಲ್ಲ, ಲೆಕ್ಕ ಗೊತ್ತು. ಆ ರಾತ್ರಿ ಕುಳಿತು ಇಡೀ ಋತುವನ್ನು ಪುಸ್ತಕಕ್ಕೆ ಏರಿಸಿದೆ. ನಿಮಗೂ ಒಂದು ಮಳೆಗಾಲದ ಸಂಜೆ ಬಿಡುವಿದ್ದರೆ ಹೀಗೆ ಮಾಡಿ.

ಬೇಕಾದದ್ದು ಉದ್ದನೆಯ ಲೆಕ್ಕದ ಪುಸ್ತಕ, ಒಂದು ನೀಲಿ ಪೆನ್, ಒಂದು ಕೆಂಪು ಪೆನ್. ರಥಬೀದಿಯ ಅಂಗಡಿಗಳಲ್ಲಿ ಇಂತಹ ಪುಸ್ತಕ ಈಗಲೂ ಸಿಗುತ್ತದೆ. ಪೆನ್ಸಿಲ್ ಬೇಡ. ಅಳಿಸಬಹುದು ಎಂಬ ಧೈರ್ಯವಿದ್ದರೆ ಕೈ ಸಡಿಲವಾಗುತ್ತದೆ.

ಮೊದಲು ಎಷ್ಟು ಸಾಲು ಬೇಕೆಂದು ನೋಡಿಕೊಳ್ಳಿ. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್, ಐರ್ಲೆಂಡ್, ಫ್ರಾನ್ಸ್. ಪ್ರತಿ ತಂಡವೂ ಉಳಿದ ನಾಲ್ಕರೊಂದಿಗೆ ಒಮ್ಮೊಮ್ಮೆ ಆಡುತ್ತದೆ. ಐದು ನಾಲ್ಕಲೆ ಇಪ್ಪತ್ತು, ಅದರ ಅರ್ಧ ಹತ್ತು. ಹತ್ತು ಪಂದ್ಯ, ಹತ್ತು ಸಾಲು. ಫ್ರಾನ್ಸ್ ಒಂದೇ ಋತುವಿನಲ್ಲಿ ನಾಲ್ವರೊಂದಿಗೂ ಆಡಿದ್ದು ಈ ವರ್ಷವೇ ಮೊದಲು. ಅಲ್ಲಿಯವರೆಗೆ ಇದು ನಾಲ್ವರ ಮನೆಯ ಜಗಳವಾಗಿತ್ತು.

ಅಂಕಪಟ್ಟಿಯಿಂದ ಆರಂಭಿಸಬೇಡಿ. ಎಲ್ಲರೂ ಮಾಡುವ ತಪ್ಪು ಅದು. ಅಂಕಪಟ್ಟಿ ಎಂದರೆ ವರ್ಷಾಂತ್ಯದ ಶಿಲ್ಕು, ಕಥೆ ಇರುವುದು ದಿನವಹಿಯಲ್ಲಿ. ತಾರೀಕಿನ ಕ್ರಮದಲ್ಲೇ ಬರೆಯಿರಿ:

ಜನವರಿ 1, ಸ್ವಾನ್ಸೀ: ವೇಲ್ಸ್ 49, ಫ್ರಾನ್ಸ್ 14
ಜನವರಿ 15, ಟ್ವಿಕನಮ್: ಇಂಗ್ಲೆಂಡ್ 11, ವೇಲ್ಸ್ 6
ಜನವರಿ 22, ಎಡಿನ್‌ಬರೋ: ಸ್ಕಾಟ್ಲೆಂಡ್ 27, ಫ್ರಾನ್ಸ್ 0
ಫೆಬ್ರುವರಿ 5, ಕಾರ್ಡಿಫ್: ವೇಲ್ಸ್ 14, ಸ್ಕಾಟ್ಲೆಂಡ್ 0
ಫೆಬ್ರುವರಿ 12, ಟ್ವಿಕನಮ್: ಇಂಗ್ಲೆಂಡ್ 0, ಐರ್ಲೆಂಡ್ 0
ಫೆಬ್ರುವರಿ 26, ಬೆಲ್‌ಫಾಸ್ಟ್: ಐರ್ಲೆಂಡ್ 0, ಸ್ಕಾಟ್ಲೆಂಡ್ 14
ಮಾರ್ಚ್ 3, ಪ್ಯಾರಿಸ್: ಫ್ರಾನ್ಸ್ 3, ಇಂಗ್ಲೆಂಡ್ 11
ಮಾರ್ಚ್ 12, ಡಬ್ಲಿನ್: ಐರ್ಲೆಂಡ್ 3, ವೇಲ್ಸ್ 19
ಮಾರ್ಚ್ 19, ಎಡಿನ್‌ಬರೋ: ಸ್ಕಾಟ್ಲೆಂಡ್ 5, ಇಂಗ್ಲೆಂಡ್ 14
ಮಾರ್ಚ್ 28, ಪ್ಯಾರಿಸ್: ಫ್ರಾನ್ಸ್ 3, ಐರ್ಲೆಂಡ್ 8

ತಾರೀಕಿನ ಪಕ್ಕದಲ್ಲಿ ವಾರವನ್ನೂ ಬರೆಯಿರಿ. ಜನವರಿ 1 ಶನಿವಾರ. ಅಲ್ಲಿಂದ ಏಳೇಳು ದಿನ ಎಣಿಸುತ್ತಾ ಹೋದರೆ ಎಂಟು ಪಂದ್ಯಗಳು ಶನಿವಾರಕ್ಕೇ ಬೀಳುತ್ತವೆ. ಪ್ಯಾರಿಸಿನ ಎರಡು ಮಾತ್ರ ಬೇರೆ. ಒಂದು ಗುರುವಾರ, ಇನ್ನೊಂದು ಈಸ್ಟರಿನ ಮರುದಿನ, ಸೋಮವಾರ. ನಿಮ್ಮ ಎಣಿಕೆಯಲ್ಲಿ ಬುಧವಾರವೋ ಭಾನುವಾರವೋ ಬಂದರೆ ತಾರೀಕು ತಪ್ಪಿದೆ ಎಂದು ಅಲ್ಲೇ ತಿಳಿಯುತ್ತದೆ.

ಇನ್ನು ದರ. ಹಳೆಯ ಆಣೆಯನ್ನು ಇಂದಿನ ಪೈಸೆಯೆಂದು ಓದಿದರೆ ಹೇಗೋ, 1910ರ ಅಂಕಗಳನ್ನು ಇಂದಿನ ಅಂಕಗಳೆಂದು ಓದಿದರೂ ಹಾಗೆಯೇ. ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೆ ಮುಟ್ಟಿಸುವುದು ಟ್ರೈ. ಅಂದು ಅದಕ್ಕೆ 3, ಇಂದು 5. ಟ್ರೈ ಆದ ಮೇಲಿನ ಒದೆತ, ಅಂದರೆ ಕನ್ವರ್ಷನ್, ಅಂದೂ ಇಂದೂ 2. ಎದುರಾಳಿ ತಪ್ಪು ಮಾಡಿದಾಗ ಸಿಗುವ ಒದೆತದಿಂದ ಬರುವ ಗೋಲು ಪೆನಾಲ್ಟಿ, ಅದು ಅಂದೂ ಇಂದೂ 3. ಆಟದ ನಡುವೆ ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿಯುವಾಗಲೇ ಒದೆಯುವ ಡ್ರಾಪ್ ಗೋಲ್ ಮಾತ್ರ 4ರಿಂದ 3ಕ್ಕೆ ಇಳಿದಿದೆ. ಟ್ರೈ ಎಂಬ ಹೆಸರು ವಿಚಿತ್ರವೆನಿಸಿತೇ? ಬಹಳ ಹಿಂದೆ ಗೆರೆ ದಾಟಿದ್ದಕ್ಕೆ ಅಂಕವೇ ಇರಲಿಲ್ಲ, ಗೋಲಿಗೆ ಒದ್ದು ನೋಡುವ ಅವಕಾಶವಷ್ಟೇ ಸಿಗುತ್ತಿತ್ತು. ದುಡಿದವನಿಗೆ ಸಂಬಳವಿಲ್ಲ, ಸಂಬಳ ಕೇಳುವ ಹಕ್ಕು ಉಂಟು ಎಂದ ಹಾಗೆ.

ಸ್ವಾನ್ಸೀಯ 49ನ್ನು ಬಿಡಿಸಿ ನೋಡಿ. ಹತ್ತು ಟ್ರೈ 30, ಎಂಟು ಕನ್ವರ್ಷನ್ 16, ಒಂದು ಪೆನಾಲ್ಟಿ 3. ಆ ಎಂಟು ಕನ್ವರ್ಷನ್, ಒಂದು ಪೆನಾಲ್ಟಿ ಎಲ್ಲವೂ ಜ್ಯಾಕ್ ಬ್ಯಾಂಕ್ರಾಫ್ಟ್ ಎಂಬ ಒಬ್ಬನ ಕಾಲಿನಿಂದ ಬಂದವು, ಅವನದೇ 19 ಅಂಕ. ಇಂದಿನ ದರದಲ್ಲಿ ವೇಲ್ಸ್ ಮೊತ್ತ 69 ಆಗುತ್ತದೆ.

ಈಗ ತಾಳೆ. ಪ್ರತಿ ತಂಡಕ್ಕೆ ಒಂದು ಪುಟ ತೆರೆಯಿರಿ. ಎಡಕ್ಕೆ ಗಳಿಸಿದ್ದು, ಬಲಕ್ಕೆ ಬಿಟ್ಟುಕೊಟ್ಟದ್ದು. ಇಂಗ್ಲೆಂಡ್ 36, 14. ವೇಲ್ಸ್ 88, 28. ಸ್ಕಾಟ್ಲೆಂಡ್ 46, 28. ಐರ್ಲೆಂಡ್ 11, 36. ಫ್ರಾನ್ಸ್ 20, 95. ಒಬ್ಬನ ಜಮಾ ಇನ್ನೊಬ್ಬನ ಖರ್ಚು, ಆದ್ದರಿಂದ ಐದೂ ಪುಟಗಳ ಎಡಮೊತ್ತ ಮತ್ತು ಬಲಮೊತ್ತ ಒಂದೇ ಆಗಬೇಕು. ಎರಡೂ ಕಡೆ 201.

ನನಗೆ ಮೊದಲ ಸಲ ಎಡಕ್ಕೆ 228 ಬಂತು. ವ್ಯತ್ಯಾಸ 27. ನೋಡಿದ ಕೂಡಲೇ ನಗು ಬಂತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಶಾಖೆಯಲ್ಲಿ ಇದೇ 27 ರೂಪಾಯಿಯ ವ್ಯತ್ಯಾಸಕ್ಕೆ ರಾತ್ರಿ ಒಂಬತ್ತರವರೆಗೆ ಎಲ್ಲರೂ ಊಟವಿಲ್ಲದೆ ಕುಳಿತಿದ್ದೆವು. ಕೊನೆಗೆ ಹಿರಿಯ ಗುಮಾಸ್ತರೊಬ್ಬರು, "ಒಂಬತ್ತರಿಂದ ಭಾಗವಾಗುತ್ತದೆಯೇ ನೋಡಿ. ಆದರೆ ಯಾರೋ ಅಂಕಿಗಳನ್ನು ಹಿಂದುಮುಂದು ಬರೆದಿದ್ದಾರೆ" ಎಂದರು. ಐದು ನಿಮಿಷದಲ್ಲಿ ತಪ್ಪು ಸಿಕ್ಕಿತು. ಬರೆದವಳು ನಾನೇ. ಇಲ್ಲಿಯೂ ಹಾಗೆಯೇ, ಬೆಲ್‌ಫಾಸ್ಟಿನಲ್ಲಿ ಸ್ಕಾಟ್ಲೆಂಡ್ ಗಳಿಸಿದ 14ನ್ನು 41 ಎಂದು ಬರೆದಿದ್ದೆ. ಈ ಋತುವಿನಲ್ಲಿ 14 ನಾಲ್ಕು ಕಡೆ ಬರುತ್ತದೆ, ಎಚ್ಚರ. ಇನ್ನೊಂದು ಉಪಾಯವೂ ಇದೆ. ವ್ಯತ್ಯಾಸ ಸಮಸಂಖ್ಯೆಯಾದರೆ ಅದರ ಅರ್ಧವನ್ನು ಹುಡುಕಿ. 16 ವ್ಯತ್ಯಾಸ ಬಂದರೆ ಐರ್ಲೆಂಡಿನ 8 ತಪ್ಪು ಬದಿಗೆ ಹೋಗಿ ಕುಳಿತಿರಬಹುದು.

ಮೊತ್ತ ತಾಳೆಯಾದ ಮೇಲೆ ಗೆಲುವಿಗೆ 2, ಸಮಕ್ಕೆ 1 ಹಾಕಿ, ಪ್ರತಿ ಪಂದ್ಯದ ಸಂಜೆಯ ಬಾಕಿಯನ್ನು ಬರೆಯುತ್ತಾ ಬನ್ನಿ. ಮಾರ್ಚ್ 12ರ ಸಂಜೆಗೆ ಬಂದಾಗ ನಿಲ್ಲಿ. ವೇಲ್ಸ್ ನಾಲ್ಕೂ ಪಂದ್ಯ ಮುಗಿಸಿ 6ರಲ್ಲಿ ಕುಳಿತಿದೆ. ಇಂಗ್ಲೆಂಡ್ 5, ಸ್ಕಾಟ್ಲೆಂಡ್ 4, ಇಬ್ಬರಿಗೂ ಒಂದೊಂದು ಪಂದ್ಯ ಬಾಕಿ, ಅದೂ ಪರಸ್ಪರ. ಸಮವಾದರೆ ಇಂಗ್ಲೆಂಡೂ ವೇಲ್ಸೂ 6. ಸ್ಕಾಟ್ಲೆಂಡ್ ಗೆದ್ದರೆ ಸ್ಕಾಟ್ಲೆಂಡೂ ವೇಲ್ಸೂ 6. ಇಂಗ್ಲೆಂಡ್ ಗೆದ್ದರೆ ಮಾತ್ರ ವೇಲ್ಸಿಗೆ ಏನೂ ಇಲ್ಲ. ಒಂದು ವಾರವಿಡೀ ವೇಲ್ಸಿನವರು ಸ್ಕಾಟ್ಲೆಂಡಿಗೆ ಹರಕೆ ಹೊತ್ತಿರಬೇಕು! ಮುದ್ರಿತ ಅಂಕಪಟ್ಟಿಯಲ್ಲಿ ಈ ವಾರವೇ ಇಲ್ಲ.

ಮಗುವಿನ ಪ್ರಶ್ನೆಗೂ ಉತ್ತರ ಸಿಕ್ಕಿತು. 88ರಲ್ಲಿ 49 ಒಂದೇ ದಿನ, ಅದೂ ಎಲ್ಲರಿಗೂ ಸೋತ ಫ್ರಾನ್ಸಿನ ಮೇಲೆ ಬಂದದ್ದು. ಒಂದೇ ದಿನ ಬಂದ ದೊಡ್ಡ ಠೇವಣಿ ನೋಡಿ ಗಿರಾಕಿಯನ್ನು ಅಳೆಯಬಾರದು.

ಕೊನೆಯ ಅಂಕಣಕ್ಕೆ 'ಷರಾ' ಎಂದು ತಲೆಬರಹ ಕೊಡಿ. ಕೆಂಪು ಪೆನ್ ಇದಕ್ಕೇ. ಹತ್ತೂ ಸಾಲಿಗೆ ಷರಾ ಬೇಕಿಲ್ಲ, ನಾನು ಮೂರಕ್ಕೆ ಬರೆದೆ.

ಜನವರಿ 1. ಫ್ರಾನ್ಸಿಗೆ ಒಬ್ಬ ಆಟಗಾರ ಕಡಿಮೆ ಬಿದ್ದ. ಪ್ಯಾರಿಸಿನಲ್ಲಿ ಕಲಾಕೃತಿ ಮಾರುವ ಮಳಿಗೆಯಲ್ಲಿದ್ದ ಜೋ ಆಂಡ್ಯೂರಾನ್ ಎಂಬವನನ್ನು ಕೊನೆಗಳಿಗೆಯಲ್ಲಿ ಹೊರಡಿಸಿಕೊಂಡು ಹೋದರು. ಮೇಳದಲ್ಲಿ ವೇಷಧಾರಿ ಬಾರದಿದ್ದಾಗ ಚೌಕಿಯಲ್ಲಿ ಕುಳಿತವನಿಗೇ ಬಣ್ಣ ಹಚ್ಚಿ ರಂಗಸ್ಥಳಕ್ಕೆ ಕಳಿಸಿದ ಹಾಗೆ. ದೇಶಕ್ಕಾಗಿ ಅವನು ಆಡಿದ್ದು ಅದೊಂದೇ ಪಂದ್ಯ. 1914ರ ಯುದ್ಧದಲ್ಲಿ ಸತ್ತ.

ಜನವರಿ 15. ಟ್ವಿಕನಮ್ ಮೈದಾನದ ಮೊದಲ ಅಂತರರಾಷ್ಟ್ರೀಯ ಪಂದ್ಯ. ಬಿಲ್ಲಿ ವಿಲಿಯಮ್ಸ್ ಎಂಬವರು ಹುಡುಕಿ ಕೊಡಿಸಿದ ಆ ಹತ್ತೂಕಾಲು ಎಕರೆ ಮೊದಲು ಎಲೆಕೋಸು ಬೆಳೆಯುತ್ತಿದ್ದ ನೆಲ. 1907ರಲ್ಲಿ ಕೊಂಡ ಬೆಲೆ 5,572 ಪೌಂಡ್, 12 ಶಿಲಿಂಗ್, 6 ಪೆನ್ಸ್. ಈ ಆರು ಪೆನ್ಸನ್ನು ಬಿಡದೆ ಬರೆದಿಟ್ಟ ಗುಮಾಸ್ತನಿಗೆ ನನ್ನ ನಮಸ್ಕಾರ. ಆಟದ ಆರಂಭಕ್ಕೆ ವೇಲ್ಸಿನ ಬೆನ್ ಗ್ರೋನೋ ಚೆಂಡನ್ನು ಒದ್ದ. ಅದು ಇಂಗ್ಲೆಂಡಿನ ನಾಯಕ ಏಡ್ರಿಯನ್ ಸ್ಟೂಪ್ ಕೈಗೆ ಬಂತು. ಅಂತಹ ಚೆಂಡನ್ನು ತಿರುಗಿ ಒದ್ದು ಮೈದಾನದ ಪಕ್ಕದ ಗೆರೆಯಾಚೆ ಕಳಿಸುವುದು ವಾಡಿಕೆ. ಎಲ್ಲರೂ ಅದನ್ನೇ ಕಾಯುತ್ತಿದ್ದರು. ಸ್ಟೂಪ್ ಒದೆಯಲಿಲ್ಲ, ಚೆಂಡನ್ನು ಹಿಡಿದುಕೊಂಡು ಓಡಿದ. ಅಲ್ಲಿಂದ ಚೆಂಡು ಕೈಯಿಂದ ಕೈಗೆ ಹೋಗಿ ಅಂಚಿನಲ್ಲಿದ್ದ ಫ್ರೆಡ್ ಚಾಪ್‌ಮನ್‌ಗೆ ಸಿಕ್ಕಿತು, ಅವನು ಮೂಲೆಯಲ್ಲಿ ಗೆರೆ ದಾಟಿದ. ವೇಲ್ಸಿನವರಿಗೆ ಆಟ ಶುರುವಾದದ್ದೇ ಇನ್ನೂ ಸರಿಯಾಗಿ ತಿಳಿದಿರಲಿಕ್ಕಿಲ್ಲ. 1898ರ ನಂತರ ಇಂಗ್ಲೆಂಡ್ ವೇಲ್ಸನ್ನು ಸೋಲಿಸಿದ್ದು ಅಂದೇ.

ಮಾರ್ಚ್ 19. ಆ ಪಂದ್ಯಕ್ಕೆ ಒಂದು ಬಟ್ಟಲು ಇತ್ತು, ಕಲ್ಕತ್ತಾ ಕಪ್. ಇಡೀ ಐದು ರಾಷ್ಟ್ರಗಳ ಸ್ಪರ್ಧೆಗೆ ಅಂದು ಯಾವ ಪಾರಿತೋಷಕವೂ ಇರಲಿಲ್ಲ, 1993ರವರೆಗೂ ಇರಲಿಲ್ಲ. ಆದರೆ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ನಡುವೆ ಮಾತ್ರ ನಮ್ಮ ದೇಶದ ಬೆಳ್ಳಿ. ಕಲ್ಕತ್ತಾದ ರಗ್ಬಿ ಕ್ಲಬ್ ಮುಚ್ಚುವಾಗ ಬ್ಯಾಂಕಿನಲ್ಲಿ ಉಳಿದಿದ್ದ ಹಣವನ್ನು 270 ಬೆಳ್ಳಿ ರೂಪಾಯಿಗಳಾಗಿ ತೆಗೆದು, ಕರಗಿಸಿ ಬಟ್ಟಲು ಮಾಡಿಸಿದರು. ಖಾತೆ ಮುಚ್ಚುವುದನ್ನು ನೂರಾರು ಸಲ ಕಂಡಿದ್ದೇನೆ, ಹೀಗೆ ಮುಚ್ಚಿದವರನ್ನು ಕಂಡಿಲ್ಲ. ಅದರ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಮುಚ್ಚಳದ ಮೇಲೆ ಆನೆ, ಹಿಡಿಕೆಗಳ ಜಾಗದಲ್ಲಿ ಮೂರು ನಾಗರಹಾವು. ನಮ್ಮಲ್ಲಿ ನಾಗನಿಗೆ ತನು ಎರೆಯುತ್ತಾರೆ, ಅಲ್ಲಿ ನಾಗನನ್ನೇ ಹಿಡಿದು ಬಟ್ಟಲು ಎತ್ತುತ್ತಾರೆ. ಆ ದಿನ ಎತ್ತಿದವರು ಇಂಗ್ಲೆಂಡಿನವರು. 14–5. ಅವರ ತಂಡದಲ್ಲಿದ್ದ ಜಾನ್ ಬರ್ಕೆಟ್‌ನ ತಂದೆ 1871ರಲ್ಲಿ, ಮೊತ್ತಮೊದಲ ಅಂತರರಾಷ್ಟ್ರೀಯ ಪಂದ್ಯದಲ್ಲಿ, ಇದೇ ಎಡಿನ್‌ಬರೋ ಊರಿನಲ್ಲಿ ಇದೇ ಸ್ಕಾಟ್ಲೆಂಡಿನ ಎದುರು ಇಂಗ್ಲೆಂಡಿನ ಟ್ರೈ ಗಳಿಸಿದ್ದ. 1892ರ ನಂತರ ಇಂಗ್ಲೆಂಡಿಗೆ ಮೊದಲ ಸ್ಥಾನ ಸಿಕ್ಕಿದ್ದು ಈಗ.

ಕೊನೆಗೆ ಪುಟಗಳನ್ನು ಮುಚ್ಚಿ. ಇಂಗ್ಲೆಂಡ್ 7, ವೇಲ್ಸ್ 6, ಸ್ಕಾಟ್ಲೆಂಡ್ 4, ಐರ್ಲೆಂಡ್ 3, ಫ್ರಾನ್ಸ್ 0. ಐದನ್ನೂ ಕೂಡಿಸಿದರೆ 20 ಬರಬೇಕು, ಹತ್ತು ಪಂದ್ಯಕ್ಕೆ ಎರಡೆರಡು. ಬಂದಿತೇ? ಹಾಗಿದ್ದರೆ ಖಾತೆ ಮುಗಿಯಿತು ಎಂಬುದಕ್ಕೆ ಎರಡು ಅಡಿಗೆರೆ ಎಳೆಯಿರಿ.

ಫ್ರಾನ್ಸಿನ ಪುಟಕ್ಕೆ ಮಾತ್ರ ಎರಡು ಗೆರೆ ಎಳೆಯಬೇಡಿ, ಒಂದು ಸಾಕು. ಅದರ ಕೆಳಗೆ ಹೊಸ ವರ್ಷದ ಮೊದಲ ನಮೂದಿಗೆ ಜಾಗ ಬಿಡಿ. 1911, ಜನವರಿ 2, ಸೋಮವಾರ, ಪ್ಯಾರಿಸಿನ ಹತ್ತಿರದ ಕೊಲೊಂಬ್: ಫ್ರಾನ್ಸ್ 16, ಸ್ಕಾಟ್ಲೆಂಡ್ 15.