ನೀರಿನ ವೇಳೆ ನೋಡಿ ಸಭೆ ಕರೆಯಿರಿ: ಊರು ಮತ್ತು ಶಾಲೆ ಕೂಡಿ ನಡೆಯುವ ಬಗೆ

ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷೆಯಾಗಿ ನಾನು ಕರೆದ ಮೊದಲ ಪಾಲಕರ ಸಭೆಗೆ ಬಂದವರು ಏಳೇ ಜನ. ಆಗ ನಮ್ಮ ಶಾಲೆಯಲ್ಲಿ 64 ಮಕ್ಕಳಿದ್ದರು. ವಾರ ಮೊದಲೇ ಮಕ್ಕಳ ಕೈಯಲ್ಲಿ ಚೀಟಿ ಕಳಿಸಿದ್ದೆವು, ಅಂಗಡಿಕಟ್ಟೆಯಲ್ಲೂ ಹೇಳಿದ್ದೆವು. ಹುಣ್ಣಿಮೆಯ ಮರುದಿನ, ಸಂಜೆ ನಾಲ್ಕೂವರೆ. ಹಾಕಿದ ಜಮಖಾನೆ ಹಾಗೇ ಖಾಲಿ ಉಳಿಯಿತು. "ಇವರಿಗೆ ಮಕ್ಕಳ ಕಾಳಜಿಯೇ ಇಲ್ಲ" ಅಂತ ಬಂದವರಲ್ಲೊಬ್ಬರು ಹೇಳಿದರು, ನಾನೂ ತಲೆಯಾಡಿಸಿದೆ. ಮನೆಗೆ ಹೊಳೆದಂಡೆಯ ದಾರಿ ಹಿಡಿದಾಗ ಕಂಡಿತು: ನಾನು ಕಾಯುತ್ತಿದ್ದ ತಾಯಂದಿರೆಲ್ಲ ಅಘನಾಶಿನಿ ಹೊಳೆಯ ಇಳಿತದಲ್ಲಿ, ಅಂದರೆ ಸಮುದ್ರದ ನೀರು ಇಳಿದ ಹೊತ್ತಿನಲ್ಲಿ, ಸೊಂಟಮಟ್ಟದ ನೀರಿನಲ್ಲಿ ನಿಂತು ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುತ್ತಿದ್ದರು. ಮರುದಿನ ಬೆಳಿಗ್ಗೆ ಅದನ್ನು ಮಾರಿದರೇ ಅವರಿಗೆ ಅಕ್ಕಿ, ಮಕ್ಕಳಿಗೆ ಪೆನ್ನು. ಕಾಳಜಿ ಇಲ್ಲದಿದ್ದದ್ದು ನಮಗೆ, ಅವರ ಹೊತ್ತಿನ ಬಗ್ಗೆ.

ನಾನು ಕುಮಟಾ ತಾಲ್ಲೂಕಿನವಳು, ಹೊಲಿಗೆ ಕೆಲಸ. ನನ್ನ ಇಬ್ಬರು ಮಕ್ಕಳೂ ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲೇ ಓದಿದರು. ನಿಮ್ಮ ಊರಿನಲ್ಲೂ ಯಾರಾದರೂ ಹೊಸದಾಗಿ ಸಮಿತಿಗೆ ಬಂದು "ಎಲ್ಲಿಂದ ಶುರು ಮಾಡಲಿ" ಅಂತ ಕೂತಿದ್ದರೆ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೊತ್ತು

ಹೊಳೆಯ ಊರಾದರೆ ಪಂಚಾಂಗ ನೋಡಿ ಸಭೆ ಇಡಿ. ನಮ್ಮ ಕಡೆ ಹುಣ್ಣಿಮೆ-ಅಮಾವಾಸ್ಯೆಯ ಸುತ್ತ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಆ ದಿನಗಳಲ್ಲಿ ದೊಡ್ಡ ಇಳಿತ ಬೀಳುವುದು ನಸುಕಿಗೆ ಮತ್ತು ಸಂಜೆಗೆ. ಮಧ್ಯಾಹ್ನದ ಹೊತ್ತಿಗೆ ಹೊಳೆ ತುಂಬಿರುತ್ತದೆ, ಹೆಂಗಸರು ಮನೆಯಲ್ಲಿರುತ್ತಾರೆ. ಇಳಿತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ಅಷ್ಟಮಿಯ ಹೊತ್ತಿಗೆ ಲೆಕ್ಕ ತಿರುಗುಮುರುಗು: ಮಧ್ಯಾಹ್ನ ಇಳಿತ, ಸಂಜೆ ಭರ್ತಿ. ಅಷ್ಟಮಿ-ನವಮಿಗೆ ಸಂಜೆ ಐದಕ್ಕೆ, ಹುಣ್ಣಿಮೆ ಹತ್ತಿರವಾದರೆ ಮಧ್ಯಾಹ್ನ ಹನ್ನೆರಡಕ್ಕೆ ಸಭೆ ಇಡಲು ಶುರು ಮಾಡಿದೆವು. ಎರಡನೇ ಸಭೆಗೆ ನಲವತ್ತಕ್ಕೂ ಹೆಚ್ಚು ಜನ ಬಂದರು. ಊಟ, ಉಡುಗೊರೆ ಏನೂ ಇರಲಿಲ್ಲ.

ಬೋಟಿಗೆ ಹೋಗುವ ಗಂಡಸರದು ಬೇರೆ ಲೆಕ್ಕ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಕಡಲು ಬಂದ್. ಆಗ ಅವರು ಊರಿನಲ್ಲೇ ಇರುತ್ತಾರೆ, ಕೈ ಖಾಲಿ ಇರುತ್ತದೆ. ಆದರೆ ಕಿಸೆಯೂ ಖಾಲಿ. ಆ ಎರಡು ತಿಂಗಳು ಅವರಲ್ಲಿ ದುಡ್ಡು ಕೇಳಬೇಡಿ, ಕೆಲಸ ಕೇಳಿ. ಬಲೆ ನೇಯುವ ಕೈಗೆ ಬೇಲಿ ಕಟ್ಟುವುದು ದೊಡ್ಡದಲ್ಲ. ನಮ್ಮ ಶಾಲೆಯ ಕೈತೋಟಕ್ಕೆ ದನ ನುಗ್ಗುತ್ತಿತ್ತು. ಹಳೆ ಬಲೆ ತಂದು, ಹಗ್ಗ ಬಿಗಿದು, ಎರಡು ಮಧ್ಯಾಹ್ನದಲ್ಲಿ ಬೇಲಿ ಮುಗಿಸಿದರು. ಬಸಳೆ ಆ ಬಲೆಗೇ ಹಬ್ಬಿತು, ಬಿಸಿಯೂಟದ ಸಾರಿಗೆ ಬಂತು.

ಘಟ್ಟದ ಮೇಲೆ ಸಿರ್ಸಿ-ಸಿದ್ದಾಪುರದ ಕಡೆಯಾದರೆ ಅಡಿಕೆ ಕೊಯ್ಲಿನ ದಿನಗಳಲ್ಲಿ ಸಭೆಯನ್ನೇ ಇಡಬೇಡಿ. ಸಿರ್ಸಿ ಸೀಮೆಗೆ ಕೊಟ್ಟ ನನ್ನ ತಂಗಿ ಅಲ್ಲಿನ ಶಾಲೆಯ ಸಮಿತಿಯಲ್ಲಿದ್ದಾಳೆ. ರಾತ್ರಿ ಹತ್ತು-ಹದಿನೈದು ಜನ ಕೂತು ಅಡಿಕೆ ಸುಲಿಯುವಲ್ಲಿಗೇ ಅವಳು ಅಕ್ಕೋರನ್ನು (ಶಿಕ್ಷಕಿಯನ್ನು) ಕರೆದುಕೊಂಡು ಹೋಗುತ್ತಾಳೆ. ಕೈ ಕೆಲಸದಲ್ಲಿದ್ದಾಗ ಬಾಯಿ ಬಿಡುವಾಗಿರುತ್ತದೆ. ಶಾಲೆಯ ಬೆಂಚಿನ ಮೇಲೆ ಕೂತರೆ ತುಟಿ ಬಿಚ್ಚದ ತಾಯಂದಿರು ಅಲ್ಲಿ "ನಮ್ಮ ಹುಡುಗಂಗೆ ಭಾಗಾಕಾರ ಬರೋದಿಲ್ಲ ಅಕ್ಕೋರೇ" ಅಂತ ಬಾಯಿಬಿಟ್ಟು ಹೇಳುತ್ತಾರಂತೆ.

ಸಮಿತಿಯ ಬಲ ಎಷ್ಟು

ಕರ್ನಾಟಕದಲ್ಲಿ ಎಸ್‌ಡಿಎಂಸಿ ಬಂದದ್ದು 2001ರಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದದ್ದು, ಶಾಲಾ ಸಮಿತಿಗೆ ಕಾನೂನಿನ ಆಧಾರ ಕೊಟ್ಟಿತು. ಸದಸ್ಯರಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು, ಹಿಂದುಳಿದ ಮನೆಗಳವರಿಗೆ ಅವರ ಸಂಖ್ಯೆಗೆ ತಕ್ಕ ಪಾಲು ಸಿಗಬೇಕು. ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವುದೂ ಸಮಿತಿಯ ಕೆಲಸ. ಇಷ್ಟು ನೆನಪಿದ್ದರೆ ಸಾಕು. ಹೆಂಗಸರ ಹೆಸರು ಬರೆದು ಗಂಡಂದಿರನ್ನು ಕೂರಿಸುವ ರೂಢಿ ನಿಮ್ಮಲ್ಲಿದ್ದರೆ ಅದನ್ನು ಮೊದಲ ದಿನವೇ ನಿಲ್ಲಿಸಿ.

ಕೇಳುವುದಾದರೆ ಬಿಡಿಸಿ ಕೇಳಿ

ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಳ್ಳಿ. ಮನೆಗೊಂದು ಪುಟ. ಮನೆಯಲ್ಲಿ ಯಾರ್ಯಾರು, ಯಾವ ಕೆಲಸ, ಯಾವ ಹೊತ್ತಿಗೆ ಸಿಗುತ್ತಾರೆ, ಏನು ಬಲ್ಲರು. ನಾನು ಇದನ್ನು ತುಂಬಿಸಲು ಮೂರು ತಿಂಗಳು ತೆಗೆದುಕೊಂಡೆ, ರವಿಕೆ ಅಳತೆ ಕೊಡಲು ಬಂದವರನ್ನೇ ಕೂರಿಸಿ ಕೇಳಿ ಬರೆದೆ. ಗಾರೆಯವರು ಇಬ್ಬರು, ವೈರಿಂಗ್ ಬಲ್ಲ ಹುಡುಗ ಒಬ್ಬ, ಗೋವಾದಲ್ಲಿ ಕೆಲಸಕ್ಕಿರುವವರು ಒಂಬತ್ತು ಜನ, ಪಿಯುಸಿ ಮುಗಿಸಿ ಮನೆಯಲ್ಲಿರುವ ಸೊಸೆಯಂದಿರು ಐವರು. ನಮ್ಮ ಊರಿನಲ್ಲಿ ಇಷ್ಟು ಜನ ಇದ್ದಾರೆಂದು ನನಗೇ ಗೊತ್ತಿರಲಿಲ್ಲ.

"ಶಾಲೆಗೆ ಏನಾದರೂ ಸಹಾಯ ಮಾಡಿ" ಅಂದರೆ ಯಾರೂ ಏನೂ ಮಾಡುವುದಿಲ್ಲ, ಅವರಿಗೆ ಏನು ಮಾಡಬೇಕೆಂದೇ ತಿಳಿಯುವುದಿಲ್ಲ. "ಬುಧವಾರ ಮಧ್ಯಾಹ್ನ ಒಂದು ತಾಸು ಬಾ ತಮ್ಮಾ, ಮೂರನೇ ತರಗತಿಯ ಫ್ಯಾನು ತಿರುಗುತ್ತಿಲ್ಲ" ಅಂದರೆ ಬರುತ್ತಾನೆ. ಆ ಸೊಸೆಯಂದಿರಲ್ಲಿ ಇಬ್ಬರು ವಾರಕ್ಕೆ ಎರಡು ಸಂಜೆ ಓದು ಹಿಂದುಳಿದ ಮಕ್ಕಳನ್ನು ಕೂರಿಸಿಕೊಂಡರು. ಅತ್ತೆಯಂದಿರ ಒಪ್ಪಿಗೆಯನ್ನು ನಾನೇ ಹೋಗಿ ಕೇಳಿ ಬಂದಿದ್ದೆ. ಆ ಒಂದು ಮಾತು ಬಿಟ್ಟಿದ್ದರೆ ಕೆಲಸ ಆಗುತ್ತಿರಲಿಲ್ಲ.

ಅಕ್ಷರ ಬಾರದವರ ಪುಟವನ್ನು ಖಾಲಿ ಬಿಡಬೇಡಿ. ಪಕ್ಕದ ಅಂಕೋಲಾದಲ್ಲಿ 2017ರಲ್ಲಿ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡರು, 2020ರಲ್ಲಿ ಅದೇ ಗೌರವಕ್ಕೆ ಆಯ್ಕೆಯಾದ ತುಳಸಿ ಗೌಡರು ಇಬ್ಬರೂ ಶಾಲೆ ಕಲಿತವರಲ್ಲ. ಸುಕ್ರಿಯವರು ಹಾಲಕ್ಕಿ ಸಮುದಾಯದ ಹಾಡುಗಳನ್ನು ಬಾಯಲ್ಲೇ ಉಳಿಸಿಕೊಟ್ಟರು, ತುಳಸಿಯವರು ಕಾಡಿನ ಬೀಜ-ಸಸಿಗಳನ್ನು ಬಲ್ಲವರಾಗಿದ್ದರು. ಅಂಥವರ ಸರೀಕರು ಪ್ರತಿ ಊರಿನಲ್ಲೂ ಇದ್ದಾರೆ. ನಮ್ಮಲ್ಲಿ ಒಬ್ಬ ಅಜ್ಜಿ ಶನಿವಾರ ಬಂದು ಗಜನಿಯಲ್ಲಿ (ಹೊಳೆಯಂಚಿನ ಉಪ್ಪುನೀರಿನ ಗದ್ದೆ) ಕಗ್ಗ ಭತ್ತ ಬಿತ್ತುವ ಕ್ರಮ ಹೇಳಿದರು. ಉಪ್ಪುನೀರು ತಡೆಯುವ ಭತ್ತ ಅದು. ಅವತ್ತು ಹಿಂದಿನ ಬೆಂಚಿನ ಒಬ್ಬ ಹುಡುಗ, ವರ್ಷದಲ್ಲಿ ಮೊದಲ ಸಲ, ಕೈ ಎತ್ತಿ ಮಾತಾಡಿದ. ಅಜ್ಜಿ ಅವನ ಮನೆಯವರು.

ಕಾಗದಪತ್ರದ ದಿನ

ನನ್ನನ್ನು ಕೇಳಿದರೆ ಶಾಲೆ ಮತ್ತು ಊರು ಕೂಡಿ ಮಾಡಬಹುದಾದ ಅತಿ ದೊಡ್ಡ ಉಪಕಾರ ಇದು. ಬಣ್ಣ, ಬ್ಯಾಗು, ವೇದಿಕೆ ಎಲ್ಲ ಆಮೇಲೆ.

ನಮ್ಮಲ್ಲಿ ಒಬ್ಬಳು ಜಾಣ ಹುಡುಗಿಗೆ ಎರಡು ವರ್ಷ ವಿದ್ಯಾರ್ಥಿವೇತನ ಬರಲಿಲ್ಲ. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಕೊನೆಯ ಅಕ್ಷರ ಬೇರೆ. ತಾಯಿ ಮೂರು ಸಲ ಪೇಟೆಗೆ ಹೋಗಿ ಬಂದಿದ್ದರು. ಮೂರು ದಿನದ ಬಳಚು ಹೋಯಿತು, ಬಸ್ಸಿನ ದುಡ್ಡು ಹೋಯಿತು, ಕೆಲಸ ಆಗಲಿಲ್ಲ. ಆಕೆ ನನ್ನೆದುರು ಕೂತು ಅತ್ತದ್ದು ನೆನಪಿದೆ.

ಅದಾದ ಮೇಲೆ ಹೀಗೆ ಮಾಡುತ್ತಿದ್ದೇವೆ. ಜೂನ್‌ನಲ್ಲಿ ಶಾಲೆ ಶುರುವಾದ ಕೂಡಲೇ ಅಕ್ಕೋರು ಎಸ್‌ಎಟಿಎಸ್‌ನಲ್ಲಿರುವ (ಮಕ್ಕಳ ವಿವರ ಇಡುವ ಇಲಾಖೆಯ ಆನ್‌ಲೈನ್ ದಾಖಲೆ) ಹೆಸರು, ಜನ್ಮದಿನಾಂಕದ ಪಟ್ಟಿ ತೆಗೆಯುತ್ತಾರೆ. ನಾವು ಅದನ್ನು ಒಂದೊಂದಾಗಿ ಆಧಾರ್ ಜೊತೆ ಹೋಲಿಸುತ್ತೇವೆ. ವ್ಯತ್ಯಾಸ ಇದ್ದವರದು ಕೆಂಪು ಗೆರೆ. ಜಾತಿ, ಆದಾಯ ಪ್ರಮಾಣಪತ್ರ ಯಾರ ಹತ್ತಿರ ಇಲ್ಲ, ಯಾರದು ಅವಧಿ ಮುಗಿಯುತ್ತಿದೆ ಅಂತ ಇನ್ನೊಂದು ಪಟ್ಟಿ. ಆದಾಯದ ಪತ್ರಕ್ಕೆ 5 ವರ್ಷದ ಅವಧಿ. ಮಗುವಿಗೆ 5 ವರ್ಷ ತುಂಬಿದಾಗ ಮತ್ತೆ 15 ತುಂಬಿದಾಗ ಆಧಾರ್‌ಗೆ ಬೆರಳಚ್ಚು ಹೊಸದಾಗಿ ಕೊಡಬೇಕು, ಇದು ಬಹಳ ಮನೆಗಳಲ್ಲಿ ಗೊತ್ತೇ ಇಲ್ಲ. ಖಾತೆಗೆ ಆಧಾರ್ ಜೋಡಣೆ ಆಗದಿದ್ದರೆ ದುಡ್ಡು ಮಂಜೂರಾದರೂ ಕೈಗೆ ಬರುವುದಿಲ್ಲ. ಖಾತೆಯ ಕೆಲಸಕ್ಕೆ ಅಂಚೆಯಣ್ಣನನ್ನು ಶಾಲೆಗೇ ಕರೆಸಿದೆವು, ಆತ ಅಂಚೆಯ ಪೇಮೆಂಟ್ಸ್ ಬ್ಯಾಂಕಿನ ಯಂತ್ರ ಹಿಡಿದು ಬಂದ.

ನಾಡಕಚೇರಿಗೆ ಒಬ್ಬೊಬ್ಬರೇ ಹೋಗುವ ಬದಲು ಹತ್ತು ಮನೆಯವರ ಅರ್ಜಿ ಮೊದಲೇ ತುಂಬಿಸಿ, ಜೆರಾಕ್ಸ್ ಪಿನ್ ಮಾಡಿ, ಅಕ್ಷರ ಬಲ್ಲ ಒಬ್ಬರನ್ನು ಜೊತೆಗೆ ಕಳಿಸಿ. ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ ಮೇಲೆ ಸಿಗುವ ಸಂಖ್ಯೆಯನ್ನು ಆ ಮನೆಯ ಪುಟದಲ್ಲೇ ಬರೆದಿಡಿ. ಮೊಬೈಲ್ ಹಾಳಾಗುತ್ತದೆ, ನೋಟ್‌ಬುಕ್ ಉಳಿಯುತ್ತದೆ. ಒಂದು ಎಚ್ಚರಿಕೆ: ಆಧಾರ್ ಪ್ರತಿ, ಪಾಸ್‌ಬುಕ್ ಪ್ರತಿಗಳ ಫೋಟೋ ವಾಟ್ಸಾಪ್ ಗುಂಪಿಗೆ ಹಾಕಿಸಬೇಡಿ. ಒಟಿಪಿಯನ್ನು ಯಾರಿಗೂ ಹೇಳಬಾರದೆಂದು ಪ್ರತಿ ಸಲ ಹೇಳಿ, ಸಾಕೆನಿಸುವಷ್ಟು ಹೇಳಿ.

ಆ ಹುಡುಗಿಯ ಹೆಸರು ಸರಿಯಾಯಿತು. ಹೋದ ಎರಡು ವರ್ಷದ ದುಡ್ಡು ಬರಲಿಲ್ಲ, ಮೂರನೆಯದು ಬಂತು.

ದಾನ ಕೊಡಲು ಬಂದವರಿಗೆ

ಒಮ್ಮೆ ಹೊರಗಿನ ಒಂದು ಸಂಸ್ಥೆಯವರು ಬ್ಯಾಗು ಹಂಚಲು ಬಂದರು. ಅವರ ಅತಿಥಿ ತಡವಾದರು. ಮಕ್ಕಳು ಎರಡು ತಾಸು ಬಿಸಿಲಲ್ಲಿ ಸಾಲಾಗಿ ನಿಂತರು, ಒಂದನೇ ತರಗತಿಯ ಮಗು ಕುಸಿದು ಬಿತ್ತು. ಆಗ ನಮ್ಮ ಹೆಣ್ಣುಮಕ್ಕಳ ಶೌಚಾಲಯಕ್ಕೆ ಚಿಲಕ ಇರಲಿಲ್ಲ, ಅದನ್ನು ಯಾರೂ ಕೇಳಲಿಲ್ಲ. ನಾವೂ ಹೇಳಲಿಲ್ಲ, ಅದು ನಮ್ಮ ತಪ್ಪು.

ಈಗ ಶಾಲೆಯಲ್ಲಿ ಬೇಕಾದ್ದರ ಪಟ್ಟಿ ಸದಾ ಸಿದ್ಧವಿರುತ್ತದೆ, ಸಭೆಯಲ್ಲಿ ಒಪ್ಪಿ ಸಹಿ ಮಾಡಿದ್ದು. ಎರಡು ಚಿಲಕ, ನೀರಿನ ಫಿಲ್ಟರ್, ಗ್ರಂಥಾಲಯಕ್ಕೆ ಒಂದು ಕಪಾಟು, ಹೀಗೆ ಬೆಲೆ ಸಹಿತ. ಬಂದವರ ಕೈಗೆ ಅದನ್ನು ಕೊಟ್ಟು "ಇದರಲ್ಲಿ ನಿಮಗೆ ಆಗುವುದನ್ನು ಕೊಡಿ" ಅನ್ನುತ್ತೇವೆ. ಮಕ್ಕಳನ್ನು ಫೋಟೋಕ್ಕೆ ನಿಲ್ಲಿಸುವುದಿಲ್ಲ, ಯಾವ ಮಗುವಿಗೆ ಬಡತನ ಅಂತ ಎದುರಿಗೆ ಹೆಸರು ಹಿಡಿದು ಕರೆಯುವುದಿಲ್ಲ. ಇದನ್ನು ಒಪ್ಪದವರು ವಾಪಸ್ ಹೋದದ್ದೂ ಉಂಟು.

ದುಡ್ಡು ಬಂದರೆ ಅಧ್ಯಕ್ಷರು ಮತ್ತು ಮುಖ್ಯ ಶಿಕ್ಷಕರ ಜಂಟಿ ಖಾತೆಗೇ ಬೀಳಬೇಕು, ಯಾರ ಸ್ವಂತ ಫೋನ್‌ಪೇಗೂ ಅಲ್ಲ. 50 ರೂಪಾಯಿಗೂ ರಶೀದಿ. ಮೂರು ತಿಂಗಳಿಗೊಮ್ಮೆ ಸಭೆಯಲ್ಲಿ ಲೆಕ್ಕವನ್ನು ಗಟ್ಟಿಯಾಗಿ ಓದಿ, ಓದಲು ಬಾರದವರೂ ಕೇಳುವ ಹಾಗೆ.

ಮಳೆಗಾಲದ ಕರಾರು

ಅಘನಾಶಿನಿ ಹುಟ್ಟುವುದು ಸಿರ್ಸಿಯ ಬಳಿ, ಸೇರುವುದು ನಮ್ಮ ಕುಮಟಾದಲ್ಲಿ. ನಡುವೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ, ಹಾಗಾಗಿ ಮೇಲೆ ಸುರಿದದ್ದು ನೇರ ನಮ್ಮ ಅಂಗಳಕ್ಕೆ. ಅದೇ ಹೊತ್ತಿಗೆ ಸಮುದ್ರದ ಭರ್ತಿಯೂ ಇದ್ದರೆ ನೀರು ಹೊರಹೋಗದೆ ಊರಿನಲ್ಲೇ ನಿಲ್ಲುತ್ತದೆ. 2019ರ ಆಗಸ್ಟ್ ನೆರೆಯ ನಂತರ ನಾವು ಮೇ ತಿಂಗಳಲ್ಲೇ ಕೂತು ಮಾತಾಡಿಕೊಳ್ಳುತ್ತೇವೆ. ದಾಖಲಾತಿ ರಿಜಿಸ್ಟರ್ ಯಾವ ಅಟ್ಟಕ್ಕೆ, ಬಿಸಿಯೂಟದ ಅಕ್ಕಿ ಯಾರ ಮನೆಗೆ, ಕೀಲಿಯ ಇನ್ನೊಂದು ಜೊತೆ ಯಾರ ಹತ್ತಿರ. ಶಾಲೆಯೇ ಕಾಳಜಿ ಕೇಂದ್ರ (ನೆರೆಪೀಡಿತರು ತಂಗುವ ಜಾಗ) ಆದರೆ ಅಡುಗೆಯವರ ಜೊತೆ ನಿಲ್ಲುವವರು ಯಾರು. ಕಾಲುಸಂಕ ದಾಟಿ ಬರುವ ಮಕ್ಕಳೆಷ್ಟು, ಅವರ ಜೊತೆ ಬರುವ ದೊಡ್ಡವರು ಯಾರು.

ಜಿಲ್ಲಾಧಿಕಾರಿಗಳ ರಜೆಯ ಆದೇಶ ಕೆಲವೊಮ್ಮೆ ರಾತ್ರಿಯೋ ನಸುಕಿಗೋ ಬರುತ್ತದೆ. ಎಲ್ಲರ ಹತ್ತಿರ ವಾಟ್ಸಾಪ್ ಇಲ್ಲ. ಒಬ್ಬರು ಐದು ಮನೆಗೆ ಫೋನು ಮಾಡುವುದು ಅಂತ ಹಂಚಿಕೊಂಡಿದ್ದೇವೆ. ತಂಗಿ ಮೇಲಿನಿಂದ "ಅಕ್ಕಾ, ಇಲ್ಲಿ ರಾತ್ರಿಯಿಡೀ ಬಿಟ್ಟೇ ಇಲ್ಲ" ಅಂದ ದಿನ ನಾವು ಆದೇಶಕ್ಕೆ ಮೊದಲೇ ಎಚ್ಚರಾಗುತ್ತೇವೆ. ಮೇಲಿನ ಒಂದು ಶಾಲೆ, ಕೆಳಗಿನ ಒಂದು ಶಾಲೆ ಹೀಗೆ ಫೋನಿನ ನೆಂಟಸ್ತಿಕೆ ಇಟ್ಟುಕೊಳ್ಳುವುದಕ್ಕೆ ಖರ್ಚೇನೂ ಇಲ್ಲ.

ಪಂಚಾಯತಿಯಲ್ಲಿ ಮಕ್ಕಳ ಮಾತು

ವರ್ಷಕ್ಕೊಮ್ಮೆ ಗ್ರಾಮ ಪಂಚಾಯತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಅಲ್ಲಿಗೆ ಹಾಡಲು, ಹೂ ಕೊಡಲು ಮಾತ್ರ ಮಕ್ಕಳನ್ನು ಕಳಿಸಬೇಡಿ. ಹದಿನೈದು ದಿನ ಮೊದಲೇ ತರಗತಿಯಲ್ಲಿ ಅವರನ್ನೇ ಕೇಳಿ, ಅವರೇ ಬರೆಯಲಿ. ನಮ್ಮಲ್ಲಿ ಏಳನೇ ತರಗತಿ ಮುಗಿಸಿದ ಹೆಣ್ಣುಮಕ್ಕಳು ಹೈಸ್ಕೂಲಿಗೆ ಹೋಗಲು ಬೆಳಗಿನ ಬಸ್ಸು ಹೊಂದುತ್ತಿರಲಿಲ್ಲ, ಇಬ್ಬರು ಮನೆಯಲ್ಲೇ ಉಳಿದಿದ್ದರು. ಆರನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ಎಷ್ಟು ಮಕ್ಕಳು, ಎಷ್ಟು ಹೊತ್ತಿಗೆ ಗಂಟೆ ಹೊಡೆಯುತ್ತದೆ, ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಅಂತ ಚೀಟಿ ನೋಡದೆ ಹೇಳಿದಳು. ಅಧಿಕಾರಿಗಳು "ನೋಡೋಣ" ಅಂದರು. ನಾವು ಅಷ್ಟಕ್ಕೆ ಏಳಲಿಲ್ಲ, ಅದನ್ನು ಠರಾವು ಪುಸ್ತಕದಲ್ಲಿ ಬರೆಸಿ, ಪ್ರತಿಗೆ ಸೀಲು ಹಾಕಿಸಿಕೊಂಡೆವು. ಆ ಪ್ರತಿ, 41 ಪಾಲಕರ ಸಹಿ, ಮಕ್ಕಳ ಪಟ್ಟಿ ಸೇರಿಸಿ ಬಸ್ ಡಿಪೊಗೆ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದು, ತಿಂಗಳಿಗೊಮ್ಮೆ ಹೋಗಿ ಕೇಳಿದೆವು. ಐದನೇ ಸಲಕ್ಕೆ ಬಸ್ಸು ಇಪ್ಪತ್ತು ನಿಮಿಷ ಮೊದಲಾಯಿತು. ಮನೆಯಲ್ಲಿ ಉಳಿದಿದ್ದ ಇಬ್ಬರಲ್ಲಿ ಒಬ್ಬಳು ಆ ಜೂನ್‌ನಲ್ಲಿ ಎಂಟನೆಗೆ ಸೇರಿದಳು. ಇನ್ನೊಬ್ಬಳ ಮನೆಗೆ ನಾನು, ಅಕ್ಕೋರು ಈಗಲೂ ಹೋಗುತ್ತಿದ್ದೇವೆ, ಅವಳ ಅಬ್ಬೆ ಸಿಗುವ ಹೊತ್ತು ನೋಡಿ.